ಊಟೆಯ ಸದ್ದು ಕೇಳದಷ್ಟು ದೂರ

ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂಬುದು ಸೃಷ್ಟಿಯ ಆದಿಯಿಂದ ನಡೆದುಬಂದ ನಿಯಮ. ಅದನ್ನು ಮೀರುವುದು ಮನುಷ್ಯಮಾತ್ರರಿಂದ ಆಗದೆಂದು ತಿಳಿದವರು ಹೇಳುತ್ತಾರೆ. ಹೇಳಲಿ. ನಮ್ಮದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಪಂಪು ರಿಪೇರಿ ಅಂಗಡಿ. ಈ ನಿಯಮವನ್ನು ಮೀರಿಯೇ ನಮ್ಮ ಮನೆಯವರು ಮೂರು ತಲೆಮಾರು ಊಟ ಮಾಡಿದ್ದೇವೆ.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಒಂದು ಬೆಳಿಗ್ಗೆ ಗೋಣಿಚೀಲ ಹೊತ್ತ ಒಬ್ಬರು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಅಂಗಡಿಯೊಳಗೆ ಬಂದರು. ಲೇತ್ ಇರುವ ಜಾಗಕ್ಕೆ ಬರಿಗಾಲಲ್ಲಿ ಬಂದ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ನೆಲದ ತುಂಬ ಕಬ್ಬಿಣದ ಚೂರು.

"ಚಪ್ಪಲಿ ಹಾಕ್ಕೊಂಡು ಬನ್ರೀ, ಕಾಲಿಗೆ ಚುಚ್ಚುತ್ತೆ" ಎಂದೆ.

ಹೋಗಿ ಹಾಕಿಕೊಂಡು ಬಂದರು. ಚೀಲ ಬಿಚ್ಚಿ ತುಕ್ಕು ಹಿಡಿದ ಒಂದು ವಾಲ್ವನ್ನೂ ಸೋರೆಕಾಯಿ ಆಕಾರದ ಒಂದು ಕಬ್ಬಿಣದ ಪಾತ್ರೆಯನ್ನೂ ಮೇಜಿನ ಮೇಲಿಟ್ಟರು. "ಪಂಪಿನ ಅಂಗ್ಡಿಯೆಲ್ಲಾ ಸುತ್ತಿ ಬಂದೆ ಅಮ್ಮಾವ್ರೆ. ಇದ ನೋಡಿ ನಗ್ತಾರೆ. ಮೋಟ್ರು ತಕ್ಕೊಳಿ ಅಂತಾರೆ. ನಮ್ಮೂರ್ಗೆ ಕರೆಂಟು ನೆಪಕ್ಕೆ ಬತ್ತದೆ."

ನಾನು ನಗಲಿಲ್ಲ. ಅದು ರ್‍ಯಾಮ್ ಪಂಪು. ನಮ್ಮಪ್ಪ ಅದನ್ನು ಟಗರು ಎನ್ನುತ್ತಿದ್ದರು. ಕರೆಂಟಿಲ್ಲ, ಡೀಸೆಲ್ಲಿಲ್ಲ. ಮೇಲಿನಿಂದ ಪೈಪಿನಲ್ಲಿ ರಭಸವಾಗಿ ಇಳಿದ ನೀರು ಒಂದು ವಾಲ್ವನ್ನು ತಾನೇ ಫಟ್ಟನೆ ಮುಚ್ಚಿಬಿಡುತ್ತದೆ. ತಡೆದು ನಿಂತ ನೀರಿನ ಗುದ್ದಿಗೆ ಇನ್ನೊಂದು ವಾಲ್ವು ತೆರೆದು ಒಂದಿಷ್ಟು ನೀರು ಗಾಳಿಪಾತ್ರೆಯ ಮೂಲಕ ಬೆಟ್ಟ ಹತ್ತುತ್ತದೆ. ಮೊದಲ ವಾಲ್ವು ಮತ್ತೆ ಬೀಳುತ್ತದೆ, ಮತ್ತೆ ಗುದ್ದು. ಹದಿನಾರು ಕೊಡ ನೀರು ಕೆಳಕ್ಕೆ ಬಿಟ್ಟು ಒಂದು ಕೊಡ ಮೇಲಕ್ಕೆ ಕಳಿಸುವ ಯಂತ್ರ. ಸರ್ಕಾರಿ ಯೋಜನೆಗಳ ಲೆಕ್ಕದಲ್ಲಿ ಇದೇನೂ ಕೆಟ್ಟ ಅನುಪಾತವಲ್ಲ.

"ನೀವು ಏನು ಕೆಲಸ ಮಾಡ್ತೀರಿ?"

"ಪಂಚಾಯ್ತಿ ನೀರುಗಂಟಿ. ಊರಿಗೆ ನೀರು ಬಿಡೋದು."

"ನೀರು ಎಲ್ಲಿಂದ ಬರುತ್ತೆ?"

"ಬರಕಿಲ್ಲ."

ಊರು ಕೊಳ್ಳೇಗಾಲದಿಂದ ಆಚೆ, ಬೆಟ್ಟದ ನೆತ್ತಿಯ ಮೇಲೆ, ಮೂವತ್ತೊಂದು ಮನೆ. ಕೊಳವೆಬಾವಿ ಬತ್ತಿ ಮೂರು ವರ್ಷ. ನೂರೈವತ್ತಡಿ ಕೆಳಗೆ ಬಂಡೆಯ ಬುಡದಲ್ಲಿ ಬತ್ತದ ಒಂದು ಒರತೆ ಇದೆ, ಅವರ ಬಾಯಲ್ಲಿ ಊಟೆ. ಹೆಂಗಸರು ಅಲ್ಲಿಂದ ಕೊಡ ಹೊರುತ್ತಾರೆ. ಎಂಜಿನಿಯರ್ ಸಾಹೇಬರು ಬಂದು ನೋಡಿ, ಮೇಲಕ್ಕೆ ನೀರು ಕೊಡಲು ಸಾಧ್ಯವಿಲ್ಲ, ಊರೇ ಇಳಿದು ಬರಲಿ ಎಂದು ಬರೆದುಕೊಂಡು ಹೋಗಿದ್ದಾರೆ. ಬೆಟ್ಟದ ಬುಡದಲ್ಲಿ ತಗಡಿನ ಮನೆಗಳಿಗೆ ಗುರುತೂ ಹಾಕಿದ್ದಾಗಿದೆ. ಮಳೆಗೆ ಮುಂಚೆ ಇನ್ನೊಮ್ಮೆ ಬರುತ್ತಾರೆ. ಅಷ್ಟರೊಳಗೆ ಊರಿನ ತೊಟ್ಟಿಗೆ ನೀರು ಬಿದ್ದರೆ ಊರು ಉಳಿಯಿತು. ಈ ಟಗರು ಕೆಳಗಿನ ಹಾಳುಬಿದ್ದ ಎಸ್ಟೇಟಿನಲ್ಲಿ ಮಣ್ಣಲ್ಲಿ ಹೂತಿತ್ತಂತೆ.

"ಬಿಟ್ಟು ಹೋಗಿ, ಹೊಸದೇ ಮಾಡ್ತೀನಿ" ಎಂದೆ.

ನನಗಾಗ ಐವತ್ತೊಂದು. ಮದುವೆಯಾಗದಿರಲು ಯಾವ ದುರಂತ ಕಾರಣವೂ ಇರಲಿಲ್ಲ. ನೋಡಲು ಬಂದ ಗಂಡುಗಳಿಗೆ ಲೇತಿನ ಸದ್ದು ಆಗಿಬರಲಿಲ್ಲ, ನನಗೆ ಅವರ ಸದ್ದು ಆಗಿಬರಲಿಲ್ಲ. ಅಷ್ಟೇ.

ಹದಿನೈದು ದಿನದಲ್ಲಿ ಟಗರು ತಯಾರಾಯಿತು. ಅದರೊಂದಿಗೆ ಇಪ್ಪತ್ತಡಿಯ ನಾಲ್ಕು ಕಬ್ಬಿಣದ ಪೈಪು. ನೀರಿಳಿಯುವ ಪೈಪು ಕಬ್ಬಿಣದ್ದೇ ಆಗಬೇಕು. ಪ್ಲಾಸ್ಟಿಕ್ ಪೈಪು ಗುದ್ದಿಗೆ ಉಬ್ಬಿ, ಗುದ್ದನ್ನು ತಾನೇ ನುಂಗಿಕೊಳ್ಳುತ್ತದೆ. ರಸ್ತೆ ಮುಗಿಯುವವರೆಗೆ ಟೆಂಪೊ, ಅಲ್ಲಿಂದ ಮುಂದೆ ಊರಿನ ಗಂಡಸರ ಹೆಗಲು. ಇಬ್ಬಿಬ್ಬರು ಒಂದೊಂದು ಪೈಪು ಹೊತ್ತು ಕಾಡಿನ ಕಾಲುದಾರಿಯಲ್ಲಿ ಎರಡು ಗಂಟೆ ನಡೆದರು. ಊಟೆಗೆ ಇನ್ನೇನು ನೂರಡಿ ಇದೆ ಎನ್ನುವಾಗ, ಕುಂಕುಮ ಹಚ್ಚಿದ ಒಂದು ಬಂಡೆಯ ಹತ್ತಿರ ಎಲ್ಲರೂ ಪೈಪು ಕೆಳಗಿಟ್ಟು ಕೂತರು. ಬೀಡಿ ಹಚ್ಚಿದರು. ಯಾರೂ ಏಳಲಿಲ್ಲ.

"ಯಾಕ್ರೀ?"

"ಇಲ್ಲಿಂದ ಮುಂದ್ಕೆ ಕಬ್ಬಿಣ ಹೋಗಂಗಿಲ್ಲ ಕನವ್ವ" ಎಂದರು ಒಬ್ಬ ಹಿರಿಯರು, ಬಹಳ ಸಮಾಧಾನದಿಂದ. "ಊಟೆ ತಾವು ಅಮ್ಮ ಅವ್ಳೆ. ಕಬ್ಬಿಣ ಕಂಡ್ರೆ ಒಳಿಕ್ಕೆ ಹೊಂಟೋಯ್ತಾಳೆ."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ನೀವು ಕೇಳ್ನಿಲ್ವಲ್ಲ."

ಆ ಬಂಡೆಯ ಮೇಲೆ ಮಚ್ಚು, ಕುಡುಗೋಲು, ಬೀಗದ ಕೈ ಎಲ್ಲ ಸಾಲಾಗಿದ್ದವು. ಊಟೆಗೆ ಹೋಗುವವರು ಅಲ್ಲಿ ಕಳಚಿಟ್ಟು ಹೋಗುವ ಪದ್ಧತಿ. ನಾನು ಸೀರೆಯ ಮೇಲೆ ಅಪ್ಪನ ಶರ್ಟು ತೊಟ್ಟು ಕೆಲಸ ಮಾಡುವವಳು; ಸೆರಗಿಗೆ ಒಂದು ಪಿನ್ನು, ತಲೆಗೆ ನಾಲ್ಕು ಪಿನ್ನು, ಜೇಬಲ್ಲಿ ಟೇಪು. ಎಲ್ಲವನ್ನೂ ಇಟ್ಟು, ಜುಟ್ಟು ಬಿಚ್ಚಿಕೊಂಡು, ಸೆರಗು ಹಿಡಿದುಕೊಂಡು ಊಟೆಯ ದರ್ಶನಕ್ಕೆ ಹೋದೆ. ಮೂವತ್ತು ವರ್ಷದ ನನ್ನ ವೃತ್ತಿಗೌರವ ಆ ಬಂಡೆಯ ಮೇಲೇ ಉಳಿಯಿತು.

ಊಟೆ ಒಳ್ಳೆಯದಿತ್ತು. ನಿಮಿಷಕ್ಕೆ ಮೂರು ಬಕೆಟ್ಟು. ಅದನ್ನು ನೋಡಿದ ಮೇಲೆ ಹಿಂದಿರುಗುವ ಮನಸ್ಸಾಗದೆ, ನಾನು ನಮ್ಮ ಕಸುಬಿನವರು ಮಾಡಬಾರದ ತಪ್ಪನ್ನು ತಿಳಿದೂ ತಿಳಿದೂ ಮಾಡಿದೆ. ಟಗರನ್ನು ಬಂಡೆಯಿಂದ ಈಚೆ ಕೂರಿಸಿ, ಊಟೆಯಿಂದ ಅಲ್ಲಿಗೆ ಪ್ಲಾಸ್ಟಿಕ್ ಪೈಪು ಹಾಕಿದೆ.

ಟಗರು ಗುದ್ದಲಿಲ್ಲ, ಕೆಮ್ಮಿತು. ನೀರು ನೂರಡಿ ಹತ್ತಿ ಅಲ್ಲೇ ನಿಂತಿತು. ಗುದ್ದು ಹೆಚ್ಚಲಿ ಎಂದು ವಾಲ್ವಿಗೆ ತೂಕ ಸೇರಿಸಿದೆ. ಇನ್ನಷ್ಟು ಸೇರಿಸಿದೆ. ಮೂರನೆಯ ದಿನ, ಇಡೀ ಊರು ಕೊಡ ಹಿಡಿದು ತೊಟ್ಟಿಯ ಸುತ್ತ ನಿಂತಿದ್ದಾಗ, ಕೆಳಗೆ ಪೈಪುಗಳನ್ನು ಜೋಡಿಸುವ ಕಾಲರು ಸಿಡಿದು ನಾನು ತಲೆಯಿಂದ ಕಾಲಿನವರೆಗೆ ನೆಂದೆ. ಊರಿನವರು ಕೊಡ ಹಿಡಿದುಕೊಂಡು ಇಳಿದು ಬಂದು, ನನ್ನ ಪಕ್ಕದಲ್ಲೇ ನೀರು ತುಂಬಿಕೊಂಡು ಹತ್ತಿ ಹೋದರು. ಬೈದಿದ್ದರೆ ವಾಸಿಯಿತ್ತು.

ಆ ದಿನಗಳಲ್ಲಿ ನನಗೆ ಉಳಿಯಲು ಜಾಗ ನೀರುಗಂಟಿಯವರ ಮನೆ. ಹೆಂಡತಿ ತೀರಿ ಬಹಳ ವರ್ಷ; ಮನೆಯಲ್ಲಿ ಅವರು ಮತ್ತು ಅವರವ್ವ. ಅವ್ವನಿಗೆ ಕಣ್ಣು ಕಾಣುವುದಿಲ್ಲ. ಊಟೆಯ ಪೂಜೆ ಮಾತ್ರ ಆಕೆಯದೇ. ನೀರುಗಂಟಿಯವರು ಬೆಳಿಗ್ಗೆ ಎದ್ದ ಕೂಡಲೆ ಖಾಲಿ ತೊಟ್ಟಿಯ ಹತ್ತಿರ ಹೋಗಿ ಗೇಟ್ ವಾಲ್ವನ್ನು ಪೂರ್ತಿ ತೆರೆದು, ಪೂರ್ತಿ ಮುಚ್ಚಿ ಬರುವುದನ್ನು ನೋಡಿದೆ.

"ನೀರೇ ಇಲ್ಲ, ಯಾಕ್ರೀ ತಿರುಗಿಸ್ತೀರಿ?"

"ತುಕ್ಕು ಹಿಡ್ದು ಕೂತ್ಕಂಡ್ರೆ? ನೀರು ಬಂದ ದಿನ ತಿರುಗ್ಬೇಕಲ್ಲ."

ಮೂರು ವರ್ಷ, ದಿನಾ. ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಮಾತನ್ನು ಯಾವ ಗಂಡಸೂ ನನ್ನೆದುರು ಆಡಿರಲಿಲ್ಲ.

ಒಡೆದ ಕಾಲರು ಹಿಡಿದುಕೊಂಡು ಬೆಂಗಳೂರಿಗೆ ಬಂದೆ. ಎನ್.ಆರ್. ಕಾಲೋನಿಯಲ್ಲಿ ಅಣ್ಣನ ಮನೆಯಲ್ಲಿ ಸಭೆ ಸೇರಿತು. ಅಣ್ಣನದು ಸೈಟು, ಮನೆ ಕೊಡಿಸುವ ವ್ಯವಹಾರ. ಅಂಗಡಿಯ ಜಾಗದಲ್ಲಿ ಫ್ಲಾಟು ಏಳಬೇಕೆಂಬುದು ಅವನ ಬಹುದಿನದ ಧ್ಯೇಯ.

"ತಾತ ಹಳ್ಳಿ ಬಿಟ್ಟು ಬಂದಿದ್ದು ನೀನು ವಾಪಸ್ ಹೋಗ್ಲಿ ಅಂತಾನಾ?" ಎಂದ. "ಸಾಕು, ಇಳಿದು ಬಾ. ಆ ಜನ ಕೆಳಗೆ ಬರ್ತಾರೆ, ಸರ್ಕಾರ ಮನೆ ಕೊಡುತ್ತೆ, ಮುಗೀತು."

"ಅವರಿಗೆ ಬೇಡ್ವಂತೆ."

"ನಿಂಗ್ಯಾಕೆ ಅದು?"

"ನಂಗೂ ಬೇಡ."

ಅತ್ತಿಗೆ ಕಾಫಿ ತಂದಿಟ್ಟು, "ಅದ್ಯಾರೋ ನೀರು ಬಿಡೋರ ಮನೇಲೇ ಇರ್ತೀಯಂತೆ. ಜನ ಏನಂತಾರೆ?" ಎಂದರು.

"ಇದುವರೆಗೆ ಮದುವೆ ಆಗಲಿಲ್ಲ ಅಂತಿದ್ರು ಅತ್ತಿಗೆ. ಒಂದೇ ಮಾತು ಕೇಳಿ ಕೇಳಿ ಅವರಿಗೂ ಬೇಜಾರಾಗಿರುತ್ತೆ."

ಅಣ್ಣ ಕಬ್ಬಿಣದ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ವ್ಯವಹಾರಸ್ಥನ ಬುದ್ಧಿ ಕೆಲಸ ಮಾಡಿತು. "ಆ ಮುದುಕಿಗೆ ಕಣ್ಣು ಕಾಣಲ್ಲ ಅಂತೀಯ. ಕಬ್ಬಿಣದ ಪೈಪಿಗೆ ಬಿಳೀ ಪೇಂಟ್ ಹೊಡೆಸು, ಪ್ಲಾಸ್ಟಿಕ್ ಅಂತ ಹೇಳು. ಊರೋರು ದೂರದಿಂದ ನೋಡ್ತಾರೆ, ಅಷ್ಟೇ ತಾನೆ."

ಉಪಾಯ ಕೆಟ್ಟದ್ದೆಂದು ಆ ಕ್ಷಣಕ್ಕೆ ನನಗೆ ಅನ್ನಿಸಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮರುದಿನ ಅಂಗಡಿಗೆ ಬಿಳಿ ಎನಾಮಲ್ ಡಬ್ಬಿ ತರಿಸಿದೆ. ಲೇತ್ ನಡೆಸುವ ನಮ್ಮ ಹಳೆಯ ಟರ್ನರ್ ಆ ಡಬ್ಬಿ ನೋಡಿ, "ಏನು ಮೇಡಂ, ಟಗರಿಗೆ ಸುಣ್ಣ ಹೊಡೀತೀರಾ?" ಎಂದರು. ಅಷ್ಟು ಹೊತ್ತಿಗೆ ನೀರುಗಂಟಿಯವರ ಫೋನು ಬಂತು. ಬೆಟ್ಟದಲ್ಲಿ ಸಿಗ್ನಲ್ ಸಿಗುವುದು ಒಂದೇ ಬಂಡೆಯ ಮೇಲೆ. ಅಲ್ಲಿಗೆ ಹತ್ತಿ ಮಾತಾಡುತ್ತಿದ್ದರು, ಏದುಸಿರು. ಸಾಹೇಬರು ಮುಂದಿನ ತಿಂಗಳ ಮೊದಲ ವಾರ ಬರುತ್ತಾರಂತೆ.

ನಾನು ಪೇಂಟಿನ ವಿಷಯ ಹೇಳಿದೆ.

"ಯಾರ್ಗೂ ತಿಳಿಯಕಿಲ್ಲ ಬುಡಿ" ಎಂದರು. "ನಂಗೆ ತಿಳೀತಲ್ಲ ಈಗ. ಅವ್ವನ ಎದ್ರು ಕೂತ್ಕಂಡು ಮುದ್ದೆ ಉಣ್ಣದು ಹೆಂಗೆ ಅಂತ."

ಡಬ್ಬಿಯ ಮುಚ್ಚಳ ಮುಚ್ಚಿದೆ. ಈ ಅಂಗಡಿಯಿಂದ ಹಿತ್ತಾಳೆ ಎಂದು ಹೇಳಿ ಕಬ್ಬಿಣದ ಬುಷ್ ಹೊರಗೆ ಹೋಗಿಲ್ಲ. ಮನುಷ್ಯರಿಗೆ ಕೊಡದ ಖೋಟಾ ಮಾಲನ್ನು ದೇವರಿಗೆ ಕೊಡುವುದು ಯಾವ ನ್ಯಾಯ? ಅದಕ್ಕಿಂತ ಹೆಚ್ಚಾಗಿ, ಯಾರನ್ನು ಕೇಳಬೇಕಿತ್ತೋ ಅವರನ್ನು ನಾನು ಇನ್ನೂ ಕೇಳಿಯೇ ಇರಲಿಲ್ಲ. ಅದೇ ಸಂಜೆ ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿದೆ.

ಮರುದಿನ ಅವ್ವನ ಎದುರು ಕೂತು ಕೇಳಿದೆ. "ಅಮ್ಮನ ಗಡಿ ಎಲ್ಲೀವರೆಗೆ ಅವ್ವ? ಆ ಕುಂಕುಮದ ಬಂಡೆಗೇ ಮುಗಿಯುತ್ತಾ?"

"ಅದು ದಾರಿ ಗುರ್ತು ಕನಮ್ಮಿ. ಊಟೆ ಸದ್ದು ಎಲ್ಲಿಗಂಟ ಕೇಳ್ತದೋ ಅಲ್ಲಿಗಂಟ ಅವಳ್ದು. ಅಲ್ಲಿಂದಾಚ್ಗೆ ನಿನ್ ಕಬ್ಬಿಣ, ನಿನ್ ಇಷ್ಟ."

ನನಗೆ ಎದ್ದು ಕುಣಿಯುವಂತಾಯಿತು. ವಯಸ್ಸು ನೋಡಿ ಸುಮ್ಮನಾದೆ. ಇದುವರೆಗೆ ನಾನು ನೀರನ್ನು ಊಟೆಯಿಂದ ನೇರ ಕೆಳಕ್ಕೆ ಇಳಿಸುವುದನ್ನೇ ಯೋಚಿಸಿದ್ದೆ. ಇಳಿಸಬೇಕಾಗಿರಲಿಲ್ಲ. ಬೆಟ್ಟದ ಪಕ್ಕೆಯ ಗುಂಟ ಅಡ್ಡಡ್ಡವಾಗಿ, ಎತ್ತರ ಕಳೆಯದ ಹಾಗೆ, ಪ್ಲಾಸ್ಟಿಕ್ ಪೈಪಿನಲ್ಲಿ ಗಡಿಯಾಚೆಗೆ ನಡೆಸಿಕೊಂಡು ಹೋಗಬಹುದು. ಮೆಲ್ಲಗೆ ಹರಿಯುವ ನೀರಿಗೆ ಪ್ಲಾಸ್ಟಿಕ್ ಸಾಕು. ಅಲ್ಲೊಂದು ಕಲ್ಲಿನ ತೊಟ್ಟಿ, ತೊಟ್ಟಿಯಿಂದ ಕೆಳಕ್ಕೆ ಕಬ್ಬಿಣ, ಬುಡದಲ್ಲಿ ಟಗರು. ಒಂದೇ ತೊಡಕೆಂದರೆ ಆ ಪಕ್ಕೆಯಲ್ಲಿ ಊಟೆಯ ಮಟ್ಟದಿಂದ ಇಪ್ಪತ್ತಡಿ ಕೆಳಗೆ ಆನೆ ಕಂದಕ ಅಡ್ಡ ಬರುತ್ತದೆ, ಟಗರನ್ನು ಅದಕ್ಕಿಂತ ಕೆಳಗೆ ಇಳಿಸುವಂತಿಲ್ಲ. ದೂರ ಹೋದಷ್ಟೂ ಪೈಪಿನ ಇಳಿಜಾರಿಗೆ ಎತ್ತರ ಖರ್ಚಾಗುತ್ತದೆ. ಟಗರಿಗೆ ನೀರು ಬೀಳುವ ಎತ್ತರ ಹದಿನೈದಡಿಗಿಂತ ಕಡಿಮೆಯಾದರೆ ನೀರು ಊರು ಮುಟ್ಟುವುದಿಲ್ಲ.

ಅವ್ವನನ್ನು ಮಗ ಕೈಹಿಡಿದು ನಡೆಸಿದರು. ನಾನು ಹೆಜ್ಜೆ ಎಣಿಸುತ್ತ ಹಿಂದೆ. ನಾನೂರು ಅಡಿಗೆ ನನಗೆ ಏನೂ ಕೇಳಿಸಲಿಲ್ಲ. "ಕೇಳ್ತದೆ" ಎಂದರು ಅವ್ವ. ಐನೂರು. "ಕೇಳ್ತದೆ." ಆರುನೂರು.

"ಅವ್ವ, ಸರಿಯಾಗಿ ಕೇಳು, ಹಕ್ಕಿ ಇರ್ಬೋದು" ಎಂದರು ಮಗ.

"ನಂಗೇನು ಕಿವೀನೂ ಹೋಗದಾ? ನಡಿ."

ಏಳುನೂರು ಅಡಿಗೆ ಒಂದು ತಾರೆ ಮರದ ಕೆಳಗೆ ನಿಂತು, ತಲೆ ಓರೆ ಮಾಡಿ, "ಇಲ್ಲ, ಆಗೋಯ್ತು" ಎಂದರು. ಆಕೆಯ ಕಿವಿಯ ಬಗ್ಗೆ ನನಗೆ ಈಗಲೂ ಅನುಮಾನವಿದೆ. ಆದರೆ ಕೇಳಿದ ಮೇಲೆ ಉತ್ತರವನ್ನು ಒಪ್ಪಬೇಕು.

ಹತ್ತಡಿಗೆ ಒಂದು ಬೆರಳು ಇಳಿಜಾರು, ಎಪ್ಪತ್ತು ಗೂಟ. ಮಟ್ಟ ನೋಡಲು ಗಾರೆಯವರು ಬಳಸುವ ಪಾರದರ್ಶಕ ಟ್ಯೂಬು. ಅದರ ತುಂಬ ನೀರು, ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ನೀರುಗಂಟಿಯವರ ಕೈಯಲ್ಲಿ. ಇಬ್ಬರಲ್ಲಿ ಒಬ್ಬರು ಅಲುಗಿದರೂ ನೀರು ಕುಣಿಯುತ್ತದೆ. ಇಬ್ಬರೂ ಸುಮ್ಮನೆ ನಿಂತು ಕಾಯಬೇಕು. ಲಂಟಾನದ ಪೊದೆ, ಜಾರುವ ತರಗೆಲೆ, ಒಂದು ಕಡೆ ಕರಡಿಯ ಹೆಜ್ಜೆ. ಹೀಗೆ ನಾಲ್ಕು ದಿನ.

"ಸಾಕಾ?"

"ಇನ್ನೊಂದು ನೂಲು ಕೆಳಿಕ್ಕೆ."

"ಈಗ?"

"ನಿಂತದೆ. ಹೊಡೀರಿ ಗೂಟ." ಗೂಟ ಹೊಡೆಯಲೂ ಕಲ್ಲೇ, ಅಲ್ಲಿನ್ನೂ ಅಮ್ಮನ ಸೀಮೆ.

ಮೂರನೆಯ ದಿನ, ನಲವತ್ತೆಂಟನೆಯ ಗೂಟದಲ್ಲಿ, ನೀರು ನಿಲ್ಲಲಿ ಎಂದು ಕಾಯುತ್ತಿದ್ದಾಗ ಅವರು ಟ್ಯೂಬಿನಿಂದ ಕಣ್ಣು ಕೀಳದೆ ಕೇಳಿದರು. "ನೀರು ಬಂದ್ಮೇಲೆ ಹೊಂಟೋಯ್ತೀರಾ?"

"ಟಗರಿಗೆ ವರ್ಷಕ್ಕೊಂದು ಸಲ ವಾಷರ್ ಬದಲಾಯಿಸಬೇಕು."

"ಓ. ವರ್ಸಕ್ಕೊಂದ್ಸಲ."

"ಗಾಳಿಪಾತ್ರೆ ಮಾತ್ರ ದಿನಾ ನೋಡಬೇಕು."

ಅವರ ಕಡೆ ನೀರು ಒಂದು ಬೆರಳು ಹಾರಿತು. "ಅಲುಗಾಡಬೇಡ್ರೀ" ಎಂದೆ. "ಮನೇಲಿ ಮೂರನೇ ತಟ್ಟೆ ಇದೆಯಾ ಅಂತ ನಿಮ್ಮ ಅವ್ವನ್ನ ಕೇಳಿ. ಇಲ್ಲದಿದ್ರೆ ನಾನೇ ತರ್ತೀನಿ."

"ಇಂಥದ್ನ ನಾನು ಕೇಳ್ಬೇಕಾಗಿತ್ತಲ್ವಾ?"

"ನೀವು ಕೇಳೋ ಹೊತ್ತಿಗೆ ವಾಲ್ವು ತುಕ್ಕು ಹಿಡಿದಿರುತ್ತೆ."

ಆ ಗೂಟವನ್ನು ಎರಡು ಸಲ ಹೊಡೆಯಬೇಕಾಯಿತು.

ತಾರೆ ಮರದ ಬುಡದಲ್ಲಿ ಅಳೆದಾಗ ಕಂದಕದವರೆಗೆ ಹದಿನಾರಡಿ ಉಳಿದಿತ್ತು. ಕಬ್ಬಿಣದ ಪೈಪುಗಳನ್ನು ಗಂಡಸರು ಬೆಟ್ಟ ಸುತ್ತಿ ಹೊತ್ತು ತಂದರು, ಈ ಸಲ ಎಲ್ಲೂ ಕೂರದೆ. ಜಾಯಿಂಟುಗಳು ಸೋರದಂತೆ ಸೆಣಬಿನ ನಾರು, ಸಫೇದದ ಬಿಳಿ ಲೇಪ. ಟಗರಿಗೆ ಕಾಂಕ್ರೀಟಿನ ಪೀಠ. ಕಾಂಕ್ರೀಟು ಗಟ್ಟಿಯಾಗಲು ವಾರ ಕಾದೆವು. ಆಮೇಲೆ ನಾನು ವಾಲ್ವನ್ನು ಕಾಲಿಂದ ಅದುಮಿ ಬಿಟ್ಟೆ. ಮುಚ್ಚಿತು. ಮತ್ತೆ ಅದುಮಿದೆ. ಇಪ್ಪತ್ತೇಳು ಸಲ ಅದುಮಿದ ಮೇಲೆ ಅದು ನನ್ನ ಕಾಲನ್ನು ಕಾಯದೆ ತಾನೇ ಬಿದ್ದು ತಾನೇ ಎದ್ದಿತು. ಟಕ್. ಟಕ್. ಟಕ್. ಅರ್ಧ ಗಂಟೆಗೆ ಬೆಟ್ಟದ ಮೇಲಿನಿಂದ ತಟ್ಟೆ ಬಡಿಯುವ ಸದ್ದು ಕೇಳಿಸಿತು. ಊರಿನ ತೊಟ್ಟಿಗೆ ನೀರು ಬಿದ್ದಿತ್ತು.

ಎರಡು ದಿನ ನಡೆಯಿತು. ಮೂರನೆಯ ಬೆಳಿಗ್ಗೆ ಟಕ್ ಹೋಗಿ ಠಣ್ ಆಯಿತು, ಮೇಲೆ ನೀರು ನಿಂತಿತು. ಅದೇ ಬೆಳಿಗ್ಗೆ, ಹೇಳಿದ್ದಕ್ಕಿಂತ ನಾಲ್ಕು ದಿನ ಮೊದಲೇ, ಎಂಜಿನಿಯರ್ ಸಾಹೇಬರು ಬೆಟ್ಟ ಹತ್ತಿ ಬಂದರು. ಸರ್ಕಾರ ಮುಂಚೆ ಬರುವುದು ಇಂಥ ದಿನಗಳಲ್ಲಿ ಮಾತ್ರ.

ಗಾಳಿಪಾತ್ರೆಯೊಳಗೆ ಕೂತು ನೀರನ್ನು ಮೇಲಕ್ಕೆ ಒತ್ತುವ ಗಾಳಿ ಆ ನೀರಿನಲ್ಲೇ ಕರಗಿಹೋಗಿತ್ತು. ಪ್ರತಿ ಗುದ್ದಿಗೂ ಚೂರು ಗಾಳಿ ಒಳಗೆಳೆಯಲು ಒಂದು ಸಣ್ಣ ತೂತು ಇರುತ್ತದೆ. ನೀರು ಪೋಲಾಗಬಾರದೆಂದು ನಾನು ಅದನ್ನು ತೀರಾ ಸಣ್ಣದಾಗಿ ಕೊರೆದಿದ್ದೆ, ಮರಳು ಕಟ್ಟಿತ್ತು. ಜಿಪುಣತನ ಎಲ್ಲೆಲ್ಲಿ ಕೈಕೊಡುತ್ತದೆ ನೋಡಿ. ಪಾತ್ರೆ ಬಸಿದು, ಕೈಡ್ರಿಲ್ಲಿನಲ್ಲಿ ತೂತು ದೊಡ್ಡದು ಮಾಡುತ್ತ ಕೂತೆ. ಸಾಹೇಬರು ಪಕ್ಕದಲ್ಲಿ ನಿಂತು ಸುತ್ತಲೂ ನೋಡಿದರು.

"ಮೋಟರ್ ಎಲ್ಲಿ?"

"ಇಲ್ಲ ಸಾರ್."

"ಸೋಲಾರಾ?"

"ಅಲ್ಲ ಸಾರ್."

"ಹಾಗಾದ್ರೆ ಇದನ್ನ ಯಾವ ಕಾಲಮ್ಮಿನಲ್ಲಿ ತುಂಬಲಿ? ನೋಡಮ್ಮ, ಸುಮ್ನೆ ಹಟ ಯಾಕೆ. ನೀರು ಮೇಲೆ ಹತ್ತಲ್ಲ, ಜನಾನೇ ಇಳೀಬೇಕು."

"ಒಂದರ್ಧ ಗಂಟೆ ಕೂತ್ಕೊಳಿ ಸಾರ್. ಹತ್ತದಿದ್ರೆ ನಿಮ್ಮ ಜೊತೆ ನಾನೇ ಮೊದಲು ಇಳೀತೀನಿ" ಎಂದೆ. ನೀರುಗಂಟಿಯವರು ನನ್ನ ಮುಖ ನೋಡಿದರು. ಆಡಿದ ಮೇಲೆ ನನಗೂ ಹೆದರಿಕೆಯಾಯಿತು, ತೋರಿಸಿಕೊಳ್ಳಲಿಲ್ಲ.

ವಾಲ್ವು ಅದುಮಿದೆ. ಮೂವತ್ತೈದು ಸಲ. ಟಕ್ ಎಂದಿತು. ಎಲ್ಲರೂ ಮೇಲೆ ಹತ್ತಿದೆವು. ಸಾಹೇಬರು ತೊಟ್ಟಿಗೆ ಬೀಳುವ ಪೈಪಿನ ಬಾಯಿಗೆ ತಾವೇ ಬಕೆಟ್ಟು ಹಿಡಿದು, ತಮ್ಮ ಗಡಿಯಾರವನ್ನೇ ನೋಡಿ ಅಳೆದರು. ಬಕೆಟ್ಟು ತುಂಬಲು ಐದೂವರೆ ನಿಮಿಷ. ಹಗಲೂ ರಾತ್ರಿ ಸೇರಿಸಿದರೆ ಮನೆಗೆ ಒಂಬತ್ತು ಕೊಡ. ಅವರು ಕಾಲಮ್ಮು ಹುಡುಕುವುದನ್ನು ಬಿಟ್ಟು ಪುಟದ ಕೆಳಗೆ ಕೈಯಲ್ಲಿ ಬರೆದರು: ನೀರಿನ ಮೂಲ ಚಾಲ್ತಿಯಲ್ಲಿದೆ, ಸ್ಥಳಾಂತರದ ಅಗತ್ಯ ಕಂಡುಬಂದಿಲ್ಲ. ಆ ನೀರನ್ನೇ ಎರಡು ಲೋಟ ಕುಡಿದು ಇಳಿದು ಹೋದರು.

ಮದುವೆ ಆಷಾಢಕ್ಕೆ ಮುಂಚೆ ಅವ್ವನ ಮನೆಯ ಮುಂದೆಯೇ ಆಯಿತು. ಅಣ್ಣ ಬರಲಿಲ್ಲ. ಅತ್ತಿಗೆ ಒಬ್ಬರೇ ಬಸ್ಸಿನಲ್ಲಿ, ಆಮೇಲೆ ನಡೆದು, ಒಂದು ರೇಷ್ಮೆ ಸೀರೆಯನ್ನೂ ಒಂದು ಡಜನ್ ಸ್ಟೀಲ್ ತಟ್ಟೆಯನ್ನೂ ಹೊತ್ತು ಬಂದರು. ಅಂಗಡಿಯನ್ನು ಟರ್ನರ್ ನೋಡಿಕೊಳ್ಳುತ್ತಿದ್ದಾರೆ. ತಿಂಗಳಿಗೊಮ್ಮೆ ನಾನು ಇಳಿದು ಹೋಗಿ ಬರುತ್ತೇನೆ. ಆಚೆ ಬೆಟ್ಟದ ಇನ್ನೆರಡು ಊರಿಗೆ ಟಗರುಗಳು ಅಂಗಡಿಯಲ್ಲಿ ತಯಾರಾಗುತ್ತಿವೆ. ಆ ಊರುಗಳಲ್ಲಿ ದೇವರ ಗಡಿ ಎಲ್ಲಿಯವರೆಗೆ ಎಂದು ಈ ಸಲ ಮೊದಲೇ ಕೇಳಿದ್ದೇನೆ.

ಮೂವತ್ತೊಂದು ಮನೆಗಳೂ ಬೆಟ್ಟದ ಮೇಲೇ ಇವೆ. ನೀರುಗಂಟಿಯವರ ಪಡಿತರ ಚೀಟಿಗೆ ನನ್ನ ಹೆಸರು ಸೇರಿದೆ.